ಹಳೇ ಪಿನ್‌ಬಾಲ್ ಮೆಷಿನ್: ರಿಪೇರಿಗೆ ಎಷ್ಟು ಸುರಿಯೋದು?

ಅಮೆರಿಕಕ್ಕೆ ಆನ್‌ಸೈಟ್ ಹೋದವರು ಅಲ್ಲಿನ ಬಾರ್‌ಗಳಲ್ಲಿ ಪಿನ್‌ಬಾಲ್ ಮೆಷಿನ್ ನೋಡಿರ್ತೀರಿ. ಇಳಿಜಾರು ಹಲಗೆ, ಸ್ಟೀಲ್ ಗುಂಡು, ಅದು ಕೆಳಗೆ ಬೀಳದ ಹಾಗೆ ಹೊಡೆಯೋಕೆ ಫ್ಲಿಪ್ಪರ್. ಹಳೇ ಮೆಷಿನ್ ಕೊಂಡು ಮನೇಲೇ ರಿಪೇರಿ ಮಾಡೋ ಹುಚ್ಚು ಅಲ್ಲಿ ಬಹಳ ಜನಕ್ಕಿದೆ. ಕೊಂಡ ಬೆಲೆಗಿಂತ ರಿಪೇರಿ ಖರ್ಚೇ ಜಾಸ್ತಿ ಆಗೋದೂ ಮಾಮೂಲು.

ಲೆಕ್ಕ ಹೀಗೆ ಹಾಕ್ಬೇಕು. ಅದೇ ಮಾಡೆಲ್ ಚೆನ್ನಾಗಿ ಓಡೋ ಸ್ಥಿತಿಯಲ್ಲಿ ಎಷ್ಟಕ್ಕೆ ಸಿಗುತ್ತೆ ನೋಡಿ, ಅದರಲ್ಲಿ ನೀವು ಕೊಟ್ಟ ಬೆಲೆ ಕಳೆಯಿರಿ. ಉಳಿದದ್ದು ಬಜೆಟ್. ಅದರಾಚೆ ಹಾಕಿದ ಡಾಲರ್ ಮಾರಿದಾಗ ವಾಪಸ್ ಬರಲ್ಲ, ಅದು ಶೋಕಿ. ಶೋಕಿ ತಪ್ಪಲ್ಲ, ಗೊತ್ತಿದ್ದು ಮಾಡಿದ್ರೆ ಸಾಕು.

1977ರ ಬ್ಯಾಲಿ ಕಂಪನಿಯ 'ಎಯ್ಟ್ ಬಾಲ್' ತಗೊಳ್ಳಿ. 20,000ಕ್ಕೂ ಹೆಚ್ಚು ತಯಾರಾಗಿದ್ವು, ಹಾಗಾಗಿ ಅಪರೂಪದ್ದೇನಲ್ಲ. ಮೊದಲು ಮೇಲಿನ ಪೆಟ್ಟಿಗೆ ತೆಗೆದು ಮುಖ್ಯ ಬೋರ್ಡ್ ನೋಡಿ. ಅದರ ಮೇಲೆ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಇರುತ್ತೆ. ವರ್ಷಗಟ್ಟಲೆ ಬಿಟ್ರೆ ಸೋರಿ, ತಾಮ್ರದ ಗೆರೆಗಳನ್ನ ತಿಂದು, ಚಿಪ್ ಸಾಕೆಟ್‌ವರೆಗೂ ಹರಿಯುತ್ತೆ. ಸೋರಿದ್ದು ಕ್ಷಾರ, ಅದಕ್ಕೇ ತಿಳಿ ವಿನೆಗರ್‌ನಲ್ಲಿ ತೊಳೀತಾರೆ. ಕಲೆ ಚಿಕ್ಕದಾಗಿದ್ರೆ ಒಂದು ವೀಕೆಂಡ್ ಕೆಲಸ. ಬೋರ್ಡ್ ತುಂಬಾ ಹಸಿರು ಹಿಡಿದಿದ್ರೆ ಬದಲಿ ಬೋರ್ಡ್ ಸಿಗುತ್ತೆ, ಅದನ್ನ ಹಾಕಿ. ಡೀಬಗ್ ಮಾಡೋ ಚಟ ಇರೋ ನಮ್ಮಂಥವರು ಸಿಕ್ಕಿಬೀಳೋದು ಇಲ್ಲೇ.

ಖರ್ಚಿಗೆ ತಕ್ಕ ಫಲ ಕೊಡೋದು ಸಣ್ಣ ಸಾಮಾನು: ಹೊಸ ರಬ್ಬರ್ ರಿಂಗ್, ಫ್ಲಿಪ್ಪರ್ ಕಾಯಿಲ್ ಒಳಗಿನ ತೋಳು, ಸುಟ್ಟು ಗುಳಿಬಿದ್ದ ಸ್ವಿಚ್ ಕಾಂಟ್ಯಾಕ್ಟ್. ಇಷ್ಟು ಬದಲಾಯಿಸಿದ್ರೆ ಸೋತ ಫ್ಲಿಪ್ಪರ್‌ಗೆ ಜೀವ ಬರುತ್ತೆ.

ಹಲಗೆ ಹಾಗಲ್ಲ. ಗುಂಡು ಉರುಳಿ ಉರುಳಿ ಬಣ್ಣ ಸವೆದು ಮರ ಕಂಡಿದ್ರೆ, ಹೊಸ ಹಲಗೆ ಹಾಕೋದು ಅಂದ್ರೆ ಪ್ರತಿ ದೀಪ, ಸ್ವಿಚ್, ವೈರ್ ಬಿಚ್ಚಿ ಮತ್ತೆ ಜೋಡಿಸೋದು. ಪೂರಾ ರೀರೈಟ್. ಇನ್ನು ಎದುರಿಗೆ ಕಾಣೋ ಚಿತ್ರದ ಗಾಜು: 'ಎಯ್ಟ್ ಬಾಲ್'ನಲ್ಲಿ ಬಣ್ಣ ಗಾಜಿನ ಮೇಲೇ ಅಚ್ಚಾಗಿದೆ, ಎದ್ದರೆ ಮತ್ತೆ ಕೂರಲ್ಲ. 1992ರ 'ಆ್ಯಡಮ್ಸ್ ಫ್ಯಾಮಿಲಿ'ಯಲ್ಲಿ ಅದು ಬರೀ ಹಾಳೆ, ಬದಲಿಸೋದು ಸುಲಭ. ಇದೂ 20,000ಕ್ಕೂ ಹೆಚ್ಚು ತಯಾರಾಗಿದೆ, ಆದ್ರೂ ಬೇಡಿಕೆ ಜಾಸ್ತಿ ಇರೋದ್ರಿಂದ ದೊಡ್ಡ ರಿಪೇರಿಯನ್ನೂ ಬೆಲೆ ತಾಳಿಕೊಳ್ಳುತ್ತೆ.

ಹಾಗಾಗಿ 'ಎಯ್ಟ್ ಬಾಲ್' ಕೊಳ್ಳೋಕೆ ಹೋದಾಗ ಟಾರ್ಚ್ ಹಿಡಿದು ಹಲಗೆ, ಗಾಜು ಎರಡನ್ನೂ ನೋಡಿ. ಎರಡೂ ಹೋಗಿದ್ರೆ ಬಿಡಿಭಾಗದ ರೇಟಿಗೆ ಚೌಕಾಸಿ ಮಾಡಿ. ಕೊಡಲಿಲ್ವಾ, ಎದ್ದು ಬನ್ನಿ. ಇನ್ನೊಂದು ಸಿಗುತ್ತೆ.