ಪಿಕಪ್‌ನ ಹಿಂದಿನ ಬ್ರೇಕ್ ಬಿಸಿಯಾಗ್ತಿದ್ಯಾ? ಘಾಟಿ ಇಳಿಯೋ ಮುನ್ನ ಇಷ್ಟು ನೋಡ್ಕೊಳ್ಳಿ

ಮೂಡಿಗೆರೆ: ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವ ಪಿಕಪ್‌ಗಳ ಹಿಂದಿನ ಚಕ್ರದಿಂದ ಸುಟ್ಟ ವಾಸನೆ ಬಂದರೆ ‘ಲೋಡ್ ಜಾಸ್ತಿ ಆಗಿರಬೇಕು’ ಅಂತ ಸುಮ್ಮನಾಗುವವರೇ ಹೆಚ್ಚು. ಘಾಟಿ ಇಳಿದ ಮೇಲೆ ಎರಡೂ ಡ್ರಮ್ ಬಿಸಿ ಇರೋದು ಸಹಜ. ಆದರೆ ಬ್ರೇಕ್ ಹೆಚ್ಚು ಬಳಸದ ಸಮತಟ್ಟು ರಸ್ತೆಯಲ್ಲೂ ಡ್ರಮ್ ಕಾದರೆ, ಅಥವಾ ಒಂದೇ ಬದಿಯದು ಕಾದರೆ ಬ್ರೇಕ್ ಹಿಡಿದುಕೊಂಡಿದೆ ಎಂದೇ ಅರ್ಥ. ನ್ಯೂಟ್ರಲ್‌ನಲ್ಲಿ ಗಾಡಿ ಸರಾಗವಾಗಿ ಉರುಳದಿರುವುದು, ಮೈಲೇಜ್ ಕುಸಿಯುವುದೂ ಇದರ ಲಕ್ಷಣಗಳು.

ಅಪಾಯ ಏನು?

ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಹೊಸ ಡಾಟ್ 3 ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ತೇವ ಸೇರಿದ ಆಯಿಲ್‌ಗೆ ಈ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಆಯಿಲ್ ಕುದಿದು ಆವಿಯಾದರೆ ಪೆಡಲ್ ಮೆತ್ತಗಾಗಿ ಕೆಳಗೆ ಹೋಗುತ್ತೆ, ಬ್ರೇಕ್ ಹಿಡಿಯಲ್ಲ.

ಪರೀಕ್ಷೆ ಹೇಗೆ?

ಗಾಡಿ ಖಾಲಿ ಮಾಡಿ, ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ಮುಂದಿನ ಚಕ್ರಗಳಿಗೆ ಎರಡೂ ಕಡೆ ಅಡೆ ಕೊಡಿ. ಹಿಂಭಾಗ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕ್ ನಂಬಿ ಕೆಳಗೆ ನುಗ್ಗಬೇಡಿ. ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಬಿಟ್ಟು ಚಕ್ರ ತಿರುಗಿಸಿ. ಸಣ್ಣಗೆ ಉಜ್ಜುವ ಸದ್ದು ಇದ್ದರೆ ತೊಂದರೆಯಿಲ್ಲ, ಬಿಗಿಯಾಗಿ ನಿಂತರೆ ಮುಂದಕ್ಕೆ ಹೀಗೆ ನೋಡಿ:

1. ಹ್ಯಾಂಡ್‌ಬ್ರೇಕ್ ಕೇಬಲ್ ಸಡಿಲ ಮಾಡಿ. ಚಕ್ರ ಬಿಟ್ಟುಕೊಂಡರೆ ಕೇಬಲ್ ತುಕ್ಕು ಹಿಡಿದಿದೆ ಅಥವಾ ಅತಿ ಬಿಗಿಯಾಗಿದೆ. ಮಲೆನಾಡಿನ ಮಳೆ, ಕೆಸರಿಗೆ ಇದು ಮಾಮೂಲು.

2. ಬಿಡದಿದ್ದರೆ ಆ ಚಕ್ರದ ಬ್ಲೀಡರ್ ಸ್ಕ್ರೂ ಸ್ವಲ್ಪ ತೆರೆಯಿರಿ. ಆಯಿಲ್ ಚಿಮ್ಮಿ ಚಕ್ರ ಸಡಿಲಾದರೆ, ಒತ್ತಡ ಪೈಪಿನೊಳಗೇ ಸಿಕ್ಕಿಕೊಂಡಿತ್ತು ಅಂತ. ಏನೂ ಬದಲಾಗದಿದ್ದರೆ ದೋಷ ಡ್ರಮ್ ಒಳಗಿದೆ: ಸೋತ ರಿಟರ್ನ್ ಸ್ಪ್ರಿಂಗ್, ಜಾಮ್ ಆದ ವ್ಹೀಲ್ ಸಿಲಿಂಡರ್, ಅತಿ ಬಿಗಿ ಅಡ್ಜಸ್ಟರ್.

3. ಒತ್ತಡ ಸಿಕ್ಕಿಕೊಂಡಿದ್ದರೆ ಬ್ಲೀಡರ್ ಮುಚ್ಚಿ, ಪೆಡಲ್ ಒತ್ತಿ ಬಿಡಿ. ಚಕ್ರ ಮತ್ತೆ ಬಿಗಿಯಾದಾಗ ಮಾಸ್ಟರ್ ಸಿಲಿಂಡರ್ ಬಳಿ ಹಿಂದಿನ ಬ್ರೇಕಿನ ಪೈಪ್ ಸಡಿಲಿಸಿ. ಚಕ್ರ ಬಿಟ್ಟರೆ ದೋಷ ಮಾಸ್ಟರ್ ಸಿಲಿಂಡರ್ ಅಥವಾ ಪೆಡಲ್ ಫ್ರೀ ಪ್ಲೇಯಲ್ಲಿದೆ. ಬಿಡದಿದ್ದರೆ ಒಳಗೇ ಊದಿಕೊಂಡ ರಬ್ಬರ್ ಹೋಸ್ ಮೇಲೆ ಮೊದಲ ಅನುಮಾನ. ಹೊರಗಿನಿಂದ ಅದು ಚೆನ್ನಾಗೇ ಕಾಣಬಹುದು.

2 ಮತ್ತು 3ನೇ ಹಂತವನ್ನು ಮೆಕ್ಯಾನಿಕ್ ಕೈಯಲ್ಲೇ ಮಾಡಿಸಿ. ಪೈಪ್ ಬಿಚ್ಚಿದ ಮೇಲೆ ಆಯಿಲ್ ತುಂಬಿ ಗಾಳಿ ತೆಗೆಸದೆ ಗಾಡಿ ಓಡಿಸಬಾರದು. ಬ್ರೇಕ್ ಆಯಿಲ್ ಡಬ್ಬಿಗೆ ಅಪ್ಪಿತಪ್ಪಿಯೂ ಎಂಜಿನ್ ಆಯಿಲ್ ಹಾಕಬೇಡಿ. ರಬ್ಬರ್ ಸೀಲ್‌ಗಳೆಲ್ಲ ಊದಿ ನಾಲ್ಕೂ ಚಕ್ರ ಹಿಡಿದುಕೊಳ್ಳಬಹುದು. ಬ್ರೇಕ್ ಸರಿಯಿದ್ದೂ ಚಕ್ರದ ನಡುಭಾಗ ಕಾಯುತ್ತಿದ್ದರೆ ಬೇರಿಂಗ್ ನೋಡಿಸಿ.

ದಾರಿ ಮಧ್ಯೆ ಕಾದರೆ?

ಲೋ ಗೇರ್‌ನಲ್ಲೇ ನಿಧಾನಕ್ಕೆ ಬಂದು ಅಗಲ ಜಾಗದಲ್ಲಿ ನಿಲ್ಲಿಸಿ. ಕಾದ ಡ್ರಮ್ ಮೇಲೆ ನೀರು ಸುರಿಯಬೇಡಿ, ಬಿರುಕು ಬಿಡಬಹುದು. ಡ್ರಮ್ ತಣಿದು ಕುಗ್ಗಿದಾಗ ಹ್ಯಾಂಡ್‌ಬ್ರೇಕ್ ಇನ್ನೂ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಹಾಗಾಗಿ ಗೇರ್‌ನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಹೊರಡುವಾಗ ಆ ಕಲ್ಲನ್ನು ರಸ್ತೆಯಲ್ಲೇ ಬಿಡಬೇಡಿ, ಹಿಂದೆ ಬೈಕಿನವರು ಬರ್ತಿರ್ತಾರೆ.