ಐದು ಊದುವಾದ್ಯಗಳು ಮತ್ತು ಶಬ್ದದ ‘ಗುಣ’

ಒಂಬತ್ತನೇ ತರಗತಿಯ ಶಬ್ದದ ಪಾಠದಲ್ಲಿ ಸ್ಥಾಯಿಗೂ ಗಟ್ಟಿತನಕ್ಕೂ ತರಂಗದ ಚಿತ್ರ ಬಿಡಿಸಿ ತೋರಿಸುತ್ತೇವೆ. ‘ಗುಣ’ದ ಸರದಿ ಬಂದಾಗ ವ್ಯಾಖ್ಯೆ ಬರೆಸಿ ಮುಂದೆ ಹೋಗುತ್ತೇವೆ. ಕಿವಿಗೇ ಬೀಳದ ಗುಣವನ್ನು ಬಾಯಿಪಾಠ ಮಾಡಿಸುವುದು ನನಗೆ ಸರಿಕಾಣಲಿಲ್ಲ. ಆದ್ದರಿಂದ ಬೋಧನಾಭ್ಯಾಸದ ಒಂದು ಅವಧಿಯನ್ನು ಪಾಶ್ಚಾತ್ಯ ಛೇಂಬರ್ ಕಛೇರಿಯ ಕ್ರಮದಲ್ಲಿ ಯೋಜಿಸಿದೆ. ಹಳೆಯ ಕೃತಿ ಒಂದು, ಹೊಸದು ಒಂದು. ವಾದ್ಯಗಳು ಮಾತ್ರ ಅವೇ ಐದು. ಎರಡನ್ನೂ ಧ್ವನಿಮುದ್ರಣದಿಂದ ಕೇಳಿಸಿದೆ.

ಛೇಂಬರ್ ಸಂಗೀತ ಸಣ್ಣ ಕೋಣೆಗೆಂದು ಹುಟ್ಟಿದ್ದು. ಕೋಲು ಹಿಡಿದು ನಿಲ್ಲುವ ನಿರ್ದೇಶಕರಿಲ್ಲ, ಒಬ್ಬೊಬ್ಬರಿಗೆ ಒಂದೊಂದು ಪಾಲು. ಊದುವಾದ್ಯಗಳ ಪಂಚಕದಲ್ಲಿ ಫ್ಲೂಟ್, ಓಬೋ, ಕ್ಲಾರಿನೆಟ್, ಬಸೂನ್, ಹಾರ್ನ್ ಇರುತ್ತವೆ. ಫ್ಲೂಟಿಗೆ ರೀಡ್ ಇಲ್ಲ, ಕ್ಲಾರಿನೆಟ್ಟಿಗೆ ಒಂದು, ಓಬೋ, ಬಸೂನ್‌ಗಳಿಗೆ ನಮ್ಮ ಶಹನಾಯಿಯಂತೆ ಜೋಡಿ ರೀಡ್, ಹಾರ್ನ್‌ನಲ್ಲಿ ತುಟಿಯೇ ರೀಡ್. ಪಿಟೀಲಿನ ಕುಟುಂಬದ ನಾಲ್ಕು ವಾದ್ಯಗಳಷ್ಟು ಸುಲಭವಾಗಿ ಈ ಐದರ ದನಿ ಬೆರೆಯದು.

ಫ್ಲೂಟ್, ಕ್ಲಾರಿನೆಟ್ ಎರಡರ ಉದ್ದವೂ ಎರಡು ಅಡಿಗಿಂತ ತುಸು ಹೆಚ್ಚು. ಆದರೂ ಫ್ಲೂಟಿನ ಅತಿ ತಗ್ಗಿನ ಸ್ವರ ಸುಮಾರು 262 ಹರ್ಟ್ಸ್, ಕ್ಲಾರಿನೆಟ್ಟಿನದು 147. ಫ್ಲೂಟ್ ಎರಡೂ ತುದಿ ತೆರೆದ ಕೊಳವೆ, ಕ್ಲಾರಿನೆಟ್ ಒಂದು ತುದಿ ಮುಚ್ಚಿದ ಕೊಳವೆಯಂತೆ ವರ್ತಿಸುತ್ತದೆ. “ಅಲ್ಲೇ ಊದ್ತಾರಲ್ಲ ಮಿಸ್, ಮುಚ್ಚಿದ್ದು ಹೇಗೆ?” ಎಂದು ಹಿಂದಿನ ಬೆಂಚಿನ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ರೀಡಿನ ಸಂದು ಕೂದಲೆಳೆಯಷ್ಟು ಕಿರಿದು. ಒಳಗಿನ ಗಾಳಿಯ ಒತ್ತಡ ಅತಿ ಹೆಚ್ಚು ಏರಿಳಿಯುವುದು ಅಲ್ಲಿಯೇ. ತರಂಗಕ್ಕೆ ಅದು ಗೋಡೆ. ಜೋರಾಗಿ ಊದಿದಾಗ ಫ್ಲೂಟ್ ಷಡ್ಜದಿಂದ ತಾರಷಡ್ಜಕ್ಕೆ ಏರಿದರೆ, ಕ್ಲಾರಿನೆಟ್ ಮೂರರಷ್ಟು ಆವೃತ್ತಿಗೆ, ಅಂದರೆ ತಾರಸ್ಥಾಯಿಯ ಪಂಚಮಕ್ಕೆ ಜಿಗಿಯುತ್ತದೆ. ತಗ್ಗಿನ ಸ್ವರಗಳಲ್ಲಿ ಅದರ ದನಿ ಟೊಳ್ಳಾಗಿ ಕೇಳುವುದಕ್ಕೂ 1, 3, 5ನೇ ಹಾರ್ಮೋನಿಕ್‌ಗಳೇ ಮುಂದಾಗಿರುವುದು ಕಾರಣ.

ಹಾಗಾದರೆ ಎಲ್ಲವೂ ರೀಡಿನ ಮಹಿಮೆಯೇ? ಅಲ್ಲ. ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನಿಗೂ ಒಂದೇ ರೀಡ್. ಆದರೆ ಅದರ ಒಳಕೊಳವೆ ಶಂಕುವಿನಂತೆ ಅಗಲವಾಗುತ್ತಾ ಹೋಗುವುದರಿಂದ ಎಲ್ಲ ಹಾರ್ಮೋನಿಕ್‌ಗಳೂ ಬರುತ್ತವೆ, ಜಿಗಿತವೂ ತಾರಷಡ್ಜಕ್ಕೇ. ಓಬೋದ ಕಥೆಯೂ ಇದೇ. ಮದುವೆಯ ಬ್ಯಾಂಡ್‌ಸೆಟ್ಟಿನ ಕ್ಲಾರಿನೆಟ್ ಕೇಳಿದ್ದ ಮಕ್ಕಳಿಗೆ ಈ ಹೋಲಿಕೆ ಬೇಗ ಹಿಡಿಯಿತು.

ಮೊದಲ ಕೃತಿ ಪ್ರಾಗ್‌ನಲ್ಲಿ ಹುಟ್ಟಿ ಪ್ಯಾರಿಸ್‌ನಲ್ಲಿ ನೆಲೆಸಿದ ಆಂಟನ್ ರೈಖಾನದು. ಬೀಥೋವನ್‌ನ ಸಮವಯಸ್ಕನಾದ ಈತ ಈ ಐದು ವಾದ್ಯಗಳಿಗೆ 24 ಪಂಚಕ ಬರೆದ. ಹೊಂದದ ದನಿಗಳನ್ನು ಸರದಿಯಲ್ಲಿ ಮಾತಾಡಿಸಿ ಸಂಸಾರ ನಡೆಸುವ ಜಾಣತನ ಅವನದು. ಅಂದಿನ ಹಾರ್ನ್‌ಗೆ ಕವಾಟಗಳಿರಲಿಲ್ಲ. ಬಾಯಗಲದೊಳಗೆ ಕೈಯಿಟ್ಟು ಸ್ವರ ತಿದ್ದಬೇಕಿತ್ತು. ಎರಡನೆಯದು ಹಂಗೇರಿಯ ಲಿಗೆಟಿಯ ‘ಆರು ಬ್ಯಾಗಟೆಲ್’, 1953ರದು. ಮೊದಲ ತುಣುಕಿನಲ್ಲಿ ಇರುವುದು ನಾಲ್ಕೇ ಸ್ವರ. ನಮ್ಮ ಲೆಕ್ಕದಲ್ಲಿ ಷಡ್ಜ, ಸಾಧಾರಣ ಗಾಂಧಾರ, ಅಂತರ ಗಾಂಧಾರ, ಪಂಚಮ. ಸ್ವರ ಇಷ್ಟು ಕಡಿಮೆಯಾದಾಗ ಕಿವಿ ತಾನಾಗಿ ವಾದ್ಯದ ಗುಣದ ಕಡೆ ತಿರುಗುತ್ತದೆ. ಪಾಠಕ್ಕೆ ನನಗೆ ಹೆಚ್ಚು ಒದಗಿದ್ದು ಇದೇ. 1956ರಲ್ಲಿ ಬುಡಾಪೆಸ್ಟ್‌ನಲ್ಲಿ ಇದರ ಐದು ತುಣುಕು ಮಾತ್ರ ನುಡಿದವು. ಕರ್ಕಶ ಸ್ವರಮೇಳದ ಆರನೆಯದನ್ನು ಅಲ್ಲಿನ ಆಡಳಿತದ ಕಾಲದಲ್ಲಿ ಕೈಬಿಡಲಾಗಿತ್ತು. “ಸ್ವರಕ್ಕೂ ಬ್ಯಾನಾ?” ಎಂದು ಇಡೀ ತರಗತಿ ಕೇಳಿತು. ಅದನ್ನೂ ಕೇಳಿಸಿದೆ.

ವೀಕ್ಷಿಸುತ್ತಿದ್ದ ಉಪನ್ಯಾಸಕರು “ಇದು ಪಠ್ಯದಲ್ಲಿ ಎಲ್ಲಿದೆ?” ಎಂದರು. ಮೌಲ್ಯಮಾಪನದ ಹಾಳೆ ತೋರಿಸಿದೆ: ಮಕ್ಕಳು ಕಣ್ಣು ಮುಚ್ಚಿ ಕೇಳಿ, ಯಾವುದು ಯಾವ ವಾದ್ಯ, ಏಕೆ ಎಂದು ಬರೆದಿದ್ದರು. ಹೆಚ್ಚಿನವರು ಓಬೋವನ್ನು ‘ಶಹನಾಯಿಯ ತಮ್ಮ’ ಎಂದೇ ಗುರುತಿಸಿದ್ದರು. ಹಾರ್ನ್ ಮತ್ತು ಬಸೂನ್ ಬೆರೆತಾಗ ಗೊಂದಲವಾಗಿತ್ತು. ಅವನ್ನು ಮೊದಲು ಬಿಡಿಬಿಡಿಯಾಗಿ ಕೇಳಿಸಬೇಕು.

ಈ ಪಾಠ ಮಾಡುವವರು ಒಂದಡಿ ಪಿವಿಸಿ ಪೈಪ್ ಒಯ್ಯಿರಿ. ತುದಿಗೆ ಅಂಗೈಯಿಂದ ಹೊಡೆದು ಕೈಯನ್ನು ತಟ್ಟನೆ ತೆಗೆದರೆ ಒಂದು ಸ್ವರ, ಹಾಗೇ ಒತ್ತಿ ಹಿಡಿದರೆ ಹೆಚ್ಚುಕಡಿಮೆ ಅದರ ಅರ್ಧ ಆವೃತ್ತಿಯ ಸ್ವರ ಕೇಳುತ್ತದೆ. ಮೊಬೈಲಿನ ಸ್ಪೀಕರ್ ನೆಚ್ಚಬೇಡಿ, ಬಸೂನಿನ ತಗ್ಗಿನ ಸ್ವರ ಅದರಲ್ಲಿ ಸರಿಯಾಗಿ ಕೇಳುವುದಿಲ್ಲ.