ಬ್ರೌಸರಿನಿಂದ ಹೊರಬಂದ ದುಭಾಷಿಗಳು

ಮಹಾಪ್ರಬಂಧ ಬರೆದವರಿಗೆಲ್ಲ ಈ ಕಷ್ಟ ಗೊತ್ತು. ಪ್ರಯೋಗ ಮುಗಿದಿರುತ್ತದೆ, ಅಧ್ಯಾಯಗಳು ಸಿದ್ಧವಾಗಿರುತ್ತವೆ, ಆದರೆ ಕೊನೆಯ ಆಕರಪಟ್ಟಿ ಮಾತ್ರ ಸರಿಹೋಗುವುದಿಲ್ಲ. ಸಂಪುಟದ ಸಂಖ್ಯೆ ಇರಬೇಕಾದಲ್ಲಿ ಪುಟದ ಸಂಖ್ಯೆ ಕುಳಿತಿರುತ್ತದೆ; ಒಬ್ಬ ಲೇಖಕನ ಹೆಸರು ಮೂರು ಕಡೆ ಮೂರು ರೀತಿ ಇರುತ್ತದೆ.

ರಾಮನ್ ಮತ್ತು ಕೃಷ್ಣನ್ 1928ರಲ್ಲಿ 'ನೇಚರ್' ಪತ್ರಿಕೆಗೆ ಬರೆದ ಪ್ರಸಿದ್ಧ ಟಿಪ್ಪಣಿಯನ್ನೇ ತೆಗೆದುಕೊಳ್ಳಿ. ಲೇಖಕರು, ಶೀರ್ಷಿಕೆ, ಪತ್ರಿಕೆ, ಸಂಪುಟ 121, ಪುಟ 501, ವರ್ಷ 1928. ಲೇಖನವನ್ನು ಗುರುತಿಸುವ ಇಂಥ ವಿವರಗಳಿಗೆ ಮೆಟಾಡೇಟಾ ಎನ್ನುತ್ತಾರೆ. ನೀವು ಕಣ್ಣಿನಿಂದ ನೋಡಿ ಇವನ್ನು ಸುಲಭವಾಗಿ ಗುರುತಿಸಬಲ್ಲಿರಿ. ಗಣಕಕ್ಕೆ ಅದು ಸುಲಭವಲ್ಲ, ಏಕೆಂದರೆ ಪ್ರತಿಯೊಂದು ಜಾಲತಾಣವೂ ಇವನ್ನು ತನಗೆ ತೋಚಿದಲ್ಲಿ ಇಟ್ಟಿರುತ್ತದೆ.

ಈ ತೊಡಕನ್ನು ಬಿಡಿಸಲು ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದವರು 2006ರಲ್ಲಿ 'ಜೊಟೆರೊ' ಎಂಬ ಉಚಿತ ತಂತ್ರಾಂಶವನ್ನು ಹೊರತಂದರು. ಅದು ಫೈರ್‌ಫಾಕ್ಸ್ ಬ್ರೌಸರಿನೊಳಗೆ ಸೇರಿಕೊಳ್ಳುತ್ತಿತ್ತು. ಲೇಖನದ ಪುಟ ತೆರೆದು ಒಂದು ಗುಂಡಿ ಒತ್ತಿದರೆ ವಿವರಗಳೆಲ್ಲ ನಿಮ್ಮ ಸಂಗ್ರಹಕ್ಕೆ ಬರುತ್ತಿದ್ದವು. ಇದರ ಗುಟ್ಟು 'ಟ್ರಾನ್ಸ್‌ಲೇಟರ್' ಎಂಬ ಪುಟ್ಟ ಪುಟ್ಟ ಕ್ರಮವಿಧಿಗಳಲ್ಲಿದೆ. ಇವನ್ನು ದುಭಾಷಿಗಳು ಎಂದು ಕರೆಯೋಣ. ಒಂದೊಂದು ದುಭಾಷಿಗೂ ಒಂದೊಂದು ತಾಣದ ಭಾಷೆ ಗೊತ್ತು. ಈಗ ಇಂಥವು 500ಕ್ಕೂ ಹೆಚ್ಚು ಇವೆ. 'ಈ ಪುಟ ನನಗೆ ಅರ್ಥವಾಗುತ್ತದೆಯೇ?' ಎಂದು ನೋಡುವುದು ದುಭಾಷಿಯ ಮೊದಲ ಕೆಲಸ. ಅರ್ಥವಾದರೆ ವಿವರಗಳನ್ನು ಹೆಕ್ಕಿ ಕೊಡುವುದು ಎರಡನೆಯದು. ಯಾವ ತಜ್ಞ ದುಭಾಷಿಯೂ ಒಪ್ಪದಿದ್ದರೆ ಕೊನೆಗೆ ಎಲ್ಲ ತಾಣಗಳಿಗೂ ಹೊಂದುವ ಸಾಮಾನ್ಯ ದುಭಾಷಿಯ ಸರದಿ ಬರುತ್ತದೆ.

ಗುಂಡಿ ಒತ್ತಲು ಮನುಷ್ಯನಿರುವವರೆಗೆ ಇದು ಚೆನ್ನ. ನಮ್ಮ ವಿಭಾಗದ ಪ್ರಕಟಣೆಗಳ ಪಟ್ಟಿ ತಯಾರಿಸುವಾಗ ಸುಮಾರು 400 ಲೇಖನಗಳ ಪುಟಗಳನ್ನು ಒಂದೊಂದಾಗಿ ತೆರೆದು ಒತ್ತುತ್ತ ಕುಳಿತ ವಿದ್ಯಾರ್ಥಿಯೊಬ್ಬ ಎರಡನೆಯ ದಿನ ನನ್ನನ್ನು ಕೇಳಿದ: "ಸರ್, ಈ ಕೆಲಸವನ್ನು ನನ್ನ ಪ್ರೋಗ್ರಾಮೇ ಮಾಡಬಾರದೇ?" ಪ್ರಶ್ನೆ ಸರಿಯಾಗಿಯೇ ಇತ್ತು. ವಿದ್ಯೆಯೆಲ್ಲ ದುಭಾಷಿಗಳಲ್ಲಿರುವಾಗ ಬ್ರೌಸರ್ ಏಕೆ ಬೇಕು?

ನಮ್ಮ ರೈತರು ಟಿಲ್ಲರಿನ ಎಂಜಿನ್ನಿಗೆ ಬೆಲ್ಟ್ ಹಾಕಿ ನೀರೆತ್ತುವುದನ್ನು ನೀವು ನೋಡಿರಬಹುದು. ದುಭಾಷಿಗಳನ್ನು ಹೊರತೆಗೆಯುವುದೂ ಅಂಥದೇ ಕೆಲಸ, ಆದರೆ ಅಷ್ಟು ಸಲೀಸಲ್ಲ. ಬ್ರೌಸರ್ ಸದ್ದಿಲ್ಲದೆ ಮಾಡಿಕೊಡುತ್ತಿದ್ದ ಕೆಲಸಗಳು ಹಲವು: ಪುಟವನ್ನು ತರಿಸುವುದು, ಅದನ್ನು ಕೊಂಬೆ-ರೆಂಬೆಗಳ ಮರದಂತೆ ಜೋಡಿಸಿಡುವುದು, ಕುಕೀಗಳನ್ನು ನೆನಪಿಡುವುದು. ಬ್ರೌಸರನ್ನು ಬಿಟ್ಟರೆ ಇವಕ್ಕೆಲ್ಲ ಬದಲಿ ಬೇಕು. ಜೊಟೆರೊ ತಂಡದವರು ಮೊದಲು ಸಿದ್ಧಪಡಿಸಿದ 'ಟ್ರಾನ್ಸ್‌ಲೇಷನ್ ಸರ್ವರ್' ಫೈರ್‌ಫಾಕ್ಸಿನ ಒಳಭಾಗಗಳನ್ನೇ ಬೆನ್ನಮೇಲೆ ಹೊತ್ತಿತ್ತು. 2017ರಲ್ಲಿ ಫೈರ್‌ಫಾಕ್ಸ್ ಹಳೆಯ ಬಗೆಯ ವಿಸ್ತರಣೆಗಳನ್ನು ಕೈಬಿಟ್ಟಿತು. ಪರರ ಮನೆಯಲ್ಲಿ ಬಿಡಾರ ಹೂಡಿದ ತಂತ್ರಾಂಶದ ಪಾಡು ಏನೆಂದು ಆಗ ತಿಳಿಯಿತು. 2018ರಲ್ಲಿ ಸರ್ವರನ್ನು ನೋಡ್ ಜೆಎಸ್ ಮೇಲೆ ಹೊಸದಾಗಿ ಬರೆದರು. ಪುಟವನ್ನು ಮರವಾಗಿ ಜೋಡಿಸುವ ಕೆಲಸ ಜೆಎಸ್‌ಡಾಮ್ ಎಂಬ ಗ್ರಂಥಾಲಯಕ್ಕೆ ಹೋಯಿತು. ದುಭಾಷಿಗಳು ಮಾತ್ರ ಹಳೆಯವೇ. ಒಬ್ಬರು ಒಂದು ದುಭಾಷಿಯ ತಪ್ಪು ತಿದ್ದಿದರೆ ಜೊಟೆರೊ ಬಳಸುವವರಿಗೂ ಪ್ರೋಗ್ರಾಮರುಗಳಿಗೂ ಅದರ ಫಲ ಸಿಗುತ್ತದೆ. ನನ್ನ ದೃಷ್ಟಿಯಲ್ಲಿ ಈ ಏರ್ಪಾಡಿನ ಅತಿ ಜಾಣ ಅಂಶ ಇದು.

ಬಳಕೆ ಸರಳ. ಸರ್ವರನ್ನು ನಿಮ್ಮ ಗಣಕದಲ್ಲೇ ಓಡಿಸಬಹುದು. ಅದು 1969ನೆಯ ಪೋರ್ಟಿನಲ್ಲಿ ಕಾದಿರುತ್ತದೆ. 'ವೆಬ್' ಎಂಬ ಬಾಗಿಲಿಗೆ ಪುಟದ ವಿಳಾಸ ಕಳಿಸಿದರೆ ವಿವರಗಳು ಜೇಸನ್ ರೂಪದಲ್ಲಿ ಮರಳುತ್ತವೆ. ವಿಳಾಸವಿಲ್ಲದೆ ಡಿಒಐ ಅಥವಾ ಐಎಸ್‌ಬಿಎನ್ ಸಂಖ್ಯೆ ಮಾತ್ರ ಇದ್ದರೆ 'ಸರ್ಚ್' ಬಾಗಿಲು ತಟ್ಟಬೇಕು. ಬಂದದ್ದನ್ನು 'ಎಕ್ಸ್‌ಪೋರ್ಟ್' ಬಾಗಿಲಿಗೆ ಕೊಟ್ಟರೆ ಬಿಬ್‌ಟೆಕ್ ಆಗಿ ಬದಲಾಗುತ್ತದೆ; ಲೇಟೆಕ್ ಬಳಸುವ ಭೌತವಿಜ್ಞಾನಿಗಳಿಗೆ ಬೇಕಾದದ್ದೂ ಅದೇ. ವಿಕಿಪೀಡಿಯದ ಸಂಪಾದಕರಿಗೆ ನೆರವಾಗುವ 'ಸಿಟಾಯ್ಡ್' ಸೇವೆಯ ಹಿಂದೆ ಇರುವುದು ಇದೇ ಸರ್ವರ್.

ಒಂದು ಪುಟದಲ್ಲಿ ಹತ್ತು ಲೇಖನಗಳಿದ್ದರೆ? ಬ್ರೌಸರಿನಲ್ಲಾದರೆ ಒಂದು ಕಿಟಕಿ ತೆರೆದು, ಬೇಕಾದುದನ್ನು ಆರಿಸಿಕೊಳ್ಳಿ ಎನ್ನುತ್ತಿತ್ತು. ಇಲ್ಲಿ ಸರ್ವರ್ 300 ಎಂಬ ಸಂಕೇತದೊಂದಿಗೆ ಪಟ್ಟಿಯನ್ನು ಹಿಂದಿರುಗಿಸುತ್ತದೆ. ನಿಮ್ಮ ಪ್ರೋಗ್ರಾಮ್ ಬೇಕಾದವನ್ನು ಉಳಿಸಿಕೊಂಡು ಮತ್ತೆ ಕಳಿಸಬೇಕು. ಸಂಕೇತ 200 ಬಂದಾಗ ಮಾತ್ರ ಕೆಲಸ ಮಾಡುವಂತೆ ಪ್ರೋಗ್ರಾಮ್ ಬರೆದು ನಮ್ಮ ವಿದ್ಯಾರ್ಥಿ ಒಂದು ಮಧ್ಯಾಹ್ನ ಕಳೆದುಕೊಂಡ. ನೀವು ಹಾಗೆ ಮಾಡಬೇಡಿ.

ಕಳೆದುಹೋದ ಅನುಕೂಲಗಳೂ ಇವೆ. ನಿಮ್ಮ ಬ್ರೌಸರ್ ಗ್ರಂಥಾಲಯದ ಚಂದಾ ಮೂಲಕ ಒಳಹೊಕ್ಕಿರುತ್ತದೆ, ಸರ್ವರಿಗೆ ಆ ಗುರುತಿನ ಚೀಟಿ ಇಲ್ಲ. ಚಂದಾದಾರರಿಗಷ್ಟೇ ತೆರೆಯುವ ಪುಟದ ಮುಂದೆ ಅದು ಹೊರಗೇ ನಿಲ್ಲುತ್ತದೆ. ಅಂಥಲ್ಲಿ ಡಿಒಐ ಕೊಟ್ಟು ಕೇಳುವುದೇ ಲೇಸು.

ಇನ್ನು ಹೆಸರಿನ ವಿಷಯ. ಸಾಲಾಗಿ ಬರೆದ ಹೆಸರನ್ನು ಒಡೆಯಬೇಕಾದಾಗ ದುಭಾಷಿಗಳು ಸಾಮಾನ್ಯವಾಗಿ ಕೊನೆಯ ಪದವನ್ನು ಕುಟುಂಬನಾಮ ಎಂದು ಹಿಡಿಯುತ್ತವೆ. ರಾಮನ್ ಅವರ ಸ್ವಂತ ಹೆಸರು ವೆಂಕಟರಾಮನ್, ಚಂದ್ರಶೇಖರ ಎಂಬುದು ತಂದೆಯ ಹೆಸರು. ಆದರೂ 'ರಾಮನ್' ಕುಟುಂಬನಾಮದ ಕೋಶಕ್ಕೆ ಸೇರುತ್ತದೆ. ಲೋಕವೆಲ್ಲ ಹಾಗೆಯೇ ಕರೆಯುವುದರಿಂದ ಅಲ್ಲಿ ನಷ್ಟವಿಲ್ಲ. ಆದರೆ 'ಮಂಜುನಾಥ ಕೆ.' ಎಂದು ಬರೆದುಕೊಳ್ಳುವವರ ಗತಿ? 'ಕೆ.' ಎಂಬ ಇನಿಷಿಯಲ್ಲೇ ಅವರ ಕುಟುಂಬನಾಮವಾಗಿ, ಆಕರಪಟ್ಟಿಯಲ್ಲಿ ಅವರ ಕೆಲಸ ಒಂದೇ ಅಕ್ಷರದ ಕೆಳಗೆ ಅಡಗಿಹೋಗುತ್ತದೆ. ಹೆಸರನ್ನು ಒಡೆಯದೆ ಒಂದೇ ಕೋಶದಲ್ಲಿಡಲು ಜೊಟೆರೊದಲ್ಲಿ ಅವಕಾಶವಿದೆ. ನಮ್ಮ 400 ಲೇಖನಗಳ ವಿವರ ಕೆಲವೇ ನಿಮಿಷಗಳಲ್ಲಿ ಬಂದವು. ಅನಂತರ ಹೆಸರುಗಳನ್ನು ನಾವಿಬ್ಬರೂ ಕೂತು, ಒಂದು ಸಂಜೆಯಿಡೀ ಕಣ್ಣಿನಿಂದಲೇ ತಿದ್ದಿದೆವು.